ದವಡೆ ಹಲ್ಲೂ ಕಂಪನಿ ಷೇರೂ

ಸಿದ್ದರಾಜುವಿನ ಬಲಗಡೆಯ ದವಡೆ ಹಲ್ಲು ಬೆಳಗಾಗುವಷ್ಟರಲ್ಲಿ ಕೆನ್ನೆಯನ್ನು ಬನ್ನಿನ ಹಾಗೆ ಉಬ್ಬಿಸಿಬಿಟ್ಟಿತ್ತು. ಬೇರೆಯವರಿಗಾಗಿದ್ದರೆ ಅದು ಬರೀ ಹಲ್ಲುನೋವು. ಆದರೆ ಸಿದ್ದರಾಜು ಮೈಸೂರಿನ ಹೆಬ್ಬಾಳದ ವೆಲ್‌ಬ್ರಾಂಟ್ ಕಂಪನಿಯ ಟೂತ್‌ಪೇಸ್ಟ್ ವಿಭಾಗದಲ್ಲಿ ಸೂಪರ್‌ವೈಸರ್. ಜಯಲಕ್ಷ್ಮಿಪುರಂನ ಅವನ ಬೀದಿಯಲ್ಲಿ ಆ ಕಂಪನಿಯ ಷೇರು ಇಲ್ಲದ ಮನೆಯೆಂದರೆ ಅವನದೊಂದೇ.

ಇದಕ್ಕೆಲ್ಲ ಕಾರಣ ಎದುರುಮನೆಯ ದೊರೆಸ್ವಾಮಿ. ಸರ್ಕಾರಿ ಕೆಲಸದಲ್ಲಿದ್ದಷ್ಟು ಕಾಲ ಬೇರೆಯವರ ಬಿಲ್ಲುಗಳಲ್ಲಿ ತಪ್ಪು ಹುಡುಕಿದ ಈ ಲೆಕ್ಕಾಧಿಕಾರಿ, ನಿವೃತ್ತರಾದ ಮೇಲೆ ಬೇರೆಯವರ ದುಡ್ಡಿಗೆ ದಾರಿ ತೋರಿಸುವ ಕೆಲಸ ಹಿಡಿದಿದ್ದರು. ಸೋಪು, ಪೇಸ್ಟು, ಬಿಸ್ಕತ್ತು ಮಾರುವ ಈ ವಿದೇಶಿ ಕಂಪನಿಯ ಷೇರು ಯಾಕೆ ಏರುತ್ತದೆ, ಯಾಕೆ ಇಳಿಯುತ್ತದೆ ಎಂದು ಸಂಜೆಯಾದರೆ ಅವರ ಜಗಲಿಯಲ್ಲಿ ಪಾಠ. ಮಳೆ ಚೆನ್ನಾಗಿ ಬಂದರೆ ಹಳ್ಳಿಯವರು ಶಾಂಪೂ ಕೊಳ್ಳುತ್ತಾರೆ, ಏರುತ್ತದೆ. ತಾಳೆ ಎಣ್ಣೆ ತುಟ್ಟಿಯಾದರೆ ಸೋಪಿನ ಲಾಭ ಕರಗುತ್ತದೆ, ಇಳಿಯುತ್ತದೆ. ಡಾಲರು, ತೆರಿಗೆ, ಎಲ್ಲಿಯದೋ ಯುದ್ಧ, ಎಲ್ಲಕ್ಕೂ ಅವರ ಬಳಿ ವಿವರಣೆಯಿತ್ತು. ಆ ವಿವರಣೆಯೆಲ್ಲ ಷೇರು ಏರಿದ ಮೇಲೆ, ಇಲ್ಲವೇ ಇಳಿದ ಮೇಲೆ ಬರುತ್ತಿತ್ತು, ಅಷ್ಟೇ. ಅದನ್ನು ಗಮನಿಸುವ ವ್ಯವಧಾನ ಯಾರಿಗೂ ಇರಲಿಲ್ಲ. ಓದಿದವರ ಬೀದಿ, ಕುರುಡಾಗಿ ನಂಬುವುದರಲ್ಲಿ ಯಾರಿಗೂ ಕಡಿಮೆಯಿರಲಿಲ್ಲ.

ಕೆನ್ನೆ ಒತ್ತಿಕೊಂಡು ಡಾಕ್ಟರ ಬಳಿ ಹೊರಟ ಸಿದ್ದರಾಜುವನ್ನು ದೊರೆಸ್ವಾಮಿ ಗೇಟಿನಲ್ಲೇ ತಡೆದರು.

“ಇವತ್ತು ಕಂಪನಿ ಬೋರ್ಡ್ ಮೀಟಿಂಗು ಕಣ್ರೀ. ಪೇಸ್ಟ್ ಮಾಡೋರ ಹಲ್ಲೇ ಹುಳುಕು ಅಂತ ಯಾರಾದ್ರೂ ಫೋಟೋ ತೆಗೆದು ಹಾಕ್ಬುಟ್ರೆ ಜನರ ನಂಬಿಕೆ ಏನಾಗ್ಬೇಕು? ಮಧ್ಯಾಹ್ನ ಮಾರ್ಕೆಟ್ ಮುಚ್ಚೋವರೆಗೂ ನೀವು ಬಾಯಿ ಮುಚ್ಕೊಂಡಿರಿ.”

“ನಾನು ಆ ಪೇಸ್ಟಲ್ಲಿ ಉಜ್ಜೋದೇ ಇಲ್ಲ ಸಾರ್,” ಎಂದ ಸಿದ್ದರಾಜು. “ದಿನಾ ಅದರ ವಾಸನೆ ಕುಡಿದು ಸಾಕಾಗ್ಬುಟ್ಟಿದೆ. ನಮ್ಮನೇಲಿ ಇದ್ದಿಲಪುಡಿ.”

ದೊರೆಸ್ವಾಮಿಯ ಮುಖ ಬಿಳಿಚಿಕೊಂಡಿತು. ಹುಳುಕು ಹಲ್ಲನ್ನಾದರೂ ಸಹಿಸಬಹುದು, ಈ ಇದ್ದಿಲಪುಡಿ ಬೀದಿಗೆ ಬಿದ್ದರೆ ಗತಿಯೇನು? ಅವರು ಸಿದ್ದರಾಜುವನ್ನು ತೋಳು ಹಿಡಿದು ತಮ್ಮ ಮನೆಗೇ ಕರೆದೊಯ್ದು ಹಿಂದಿನ ಕೋಣೆಯಲ್ಲಿ ಕೂರಿಸಿದರು. ಅವರ ಹೆಂಡತಿ ಶಾರದಮ್ಮ ಲವಂಗ ಕೊಟ್ಟು, ಬಿಸಿಲಿಗೆ ಫ್ಯಾನೂ ಸಾಲದ ಆ ಹೊತ್ತಿನಲ್ಲಿ ಉಣ್ಣೆಯ ಮಫ್ಲರ್ ಸುತ್ತಿದರು. ಬೀದಿಯವರು ಒಬ್ಬೊಬ್ಬರಾಗಿ ಬಂದು ಕೆನ್ನೆ ನೋಡಿದರು. ಯಾರಾದರೂ ಕೇಳಿದರೆ ಜೇನು ಕಚ್ಚಿತೆಂದು ಹೇಳಬೇಕೆಂದು ಒಬ್ಬರು, ಮಂಗನಬಾವು ಅನ್ನುವುದೇ ವಾಸಿಯೆಂದು ಇನ್ನೊಬ್ಬರು ವಾದಕ್ಕಿಳಿದರು. ನೋವು ಹೇಗಿದೆ ಎಂದು ಮಾತ್ರ ಯಾರೂ ಕೇಳಲಿಲ್ಲ. ಸಿದ್ದರಾಜುವಿಗೆ ಅಳು ಬಂತು, ಬಾಯಿ ತೆರೆದು ಅಳುವ ಹಾಗೂ ಇರಲಿಲ್ಲ.

ಊಟದ ಹೊತ್ತಿಗೆ ಎಲ್ಲರೂ ಚದುರಿದಾಗ ಅವನು ಹಿತ್ತಲ ಬಾಗಿಲಿನಿಂದ ತಪ್ಪಿಸಿಕೊಂಡು ಕಾಳಿದಾಸ ರಸ್ತೆಯ ಡಾಕ್ಟರ್ ವಿಜಯ್‌ಕುಮಾರ್ ಕ್ಲಿನಿಕ್ಕಿಗೆ ಓಡಿದ. ಡಾಕ್ಟರು ದೀಪ ಹತ್ತಿಸಿ, ಹಲ್ಲು ನೋಡಿ, ಈಗಲೇ ಕೀಳಬೇಕೆಂದರು. ಸಿದ್ದರಾಜುವಿಗೆ ದೇವರನ್ನೇ ಕಂಡಂತಾಯಿತು. ಮಾತಿಗೆ ಮಾತು ಬಂದು, ಎಲ್ಲಿ ಕೆಲಸ ಎಂದು ಕೇಳಿ ಉತ್ತರ ಪಡೆದ ಡಾಕ್ಟರು ಇಕ್ಕಳವನ್ನು ಮೆಲ್ಲಗೆ ಟ್ರೇಯಲ್ಲಿಟ್ಟರು. ದೊರೆಸ್ವಾಮಿಯವರ ಪಾಠಕ್ಕೆ ಅವರೂ ಹೋಗುತ್ತಿದ್ದರು. ಹೊರಗಡೆ ಬೆಂಚಿನಲ್ಲಿ ಜನ ಕೂತಿದ್ದಾರೆ, ಇವತ್ತೊಂದು ದಿನ ಬೇಡ ಎಂದವರೇ ದೊರೆಸ್ವಾಮಿಗೆ ಫೋನ್ ಮಾಡಿದರು.

ಸ್ವಲ್ಪ ಹೊತ್ತಿಗೇ ದೊರೆಸ್ವಾಮಿ ಸ್ಕೂಟರಿನಲ್ಲಿ ಬಂದು ಅವನ ತಲೆಗೆ ಪೂರಾ ಮುಖ ಮುಚ್ಚುವ ಹೆಲ್ಮೆಟ್ ತುರುಕಿದರು. ಊದಿದ ಕೆನ್ನೆ ಅದರೊಳಗೆ ಹೋಗುವಾಗ ಸಿದ್ದರಾಜು ಕೂಗಿದ್ದು ಹೆಲ್ಮೆಟ್ಟಿನೊಳಗೇ ಉಳಿಯಿತು.

ಮಾರ್ಕೆಟ್ ಮುಚ್ಚುವ ಹೊತ್ತಿಗೆ ಜಗಲಿಯಲ್ಲಿ ಚಪ್ಪಾಳೆ ಎದ್ದಿತು. ಷೇರು ಒಮ್ಮೆಲೇ ಜಿಗಿದಿತ್ತು. ಬೀದಿಯವರೆಲ್ಲ ಸೇರಿದರು, ಶಾರದಮ್ಮ ಪೇಢೆ ತಂದರು, ಡಾಕ್ಟರೂ ಕ್ಲಿನಿಕ್ ಬಿಟ್ಟು ಓಡಿಬಂದರು. ಮತ್ತೆ ಹಿಂದಿನ ಕೋಣೆ ಸೇರಿದ್ದ ಸಿದ್ದರಾಜುವನ್ನು ಹೊರಗೆ ಕರೆದು ಎಲ್ಲರೂ ಬೆನ್ನು ತಟ್ಟಿದರು. ತನ್ನ ಹಲ್ಲು ಇಷ್ಟು ಮನೆಗಳನ್ನು ಕಾಪಾಡಿತಲ್ಲ ಎಂದು ಅವನಿಗೂ, ಆ ನೋವಿನಲ್ಲೂ, ಒಂದು ಗಳಿಗೆ ಹೆಮ್ಮೆಯೆನಿಸಿತು.

ದೊರೆಸ್ವಾಮಿ ಕನ್ನಡಕ ಏರಿಸಿ ಏರಿಕೆಗೆ ಕಾರಣವನ್ನು ಫೋನಿನಲ್ಲಿ ಓದಿದರು. ಖರ್ಚು ತಗ್ಗಿಸಲು ಕಂಪನಿ ಕಠಿಣ ನಿರ್ಧಾರ ತೆಗೆದುಕೊಂಡಿತ್ತು. ಮೈಸೂರಿನ ಟೂತ್‌ಪೇಸ್ಟ್ ಘಟಕಕ್ಕೆ ಇವತ್ತಿನಿಂದಲೇ ಬೀಗ. ಹೂಡಿಕೆದಾರರು ಇದರಿಂದ ಬಹಳ ಸಂತೋಷಪಟ್ಟಿದ್ದರು.

ಬೆನ್ನು ತಟ್ಟುತ್ತಿದ್ದ ಕೈಗಳು ಒಂದೊಂದಾಗಿ ಹಿಂದೆ ಸರಿದವು. ಆಮೇಲೆ ಯಾರೋ ಪೇಢೆ ಇನ್ನೂ ಇದೆಯೇ ಎಂದು ವಿಚಾರಿಸಿದರು.

“ಒಂದು ಲೆಕ್ಕಕ್ಕೆ ಒಳ್ಳೇದೇ ಆಯ್ತು ಬಿಡಿ,” ಎಂದರು ದೊರೆಸ್ವಾಮಿ. “ಇನ್ಮೇಲೆ ನೀವು ಕಂಪನಿಯೋರಲ್ಲ. ಎಲ್ಲಿ ಬೇಕಾದ್ರೂ ಧಾರಾಳವಾಗಿ ಬಾಯಿ ತೆಗೀಬಹುದು.”

ಡಾಕ್ಟರು ಪೇಢೆ ನುಂಗಿ, ಇವತ್ತು ಕ್ಲಿನಿಕ್ ಮುಚ್ಚಿ ಬಂದೆ, ನಾಳೆ ಬೆಳಿಗ್ಗೆ ಮೊದಲು ನಿಮ್ಮದೇ ಹಲ್ಲು ಎಂದು ಭರವಸೆ ಕೊಟ್ಟರು.

“ನಾಳೆ ಆಗಲ್ಲ ಡಾಕ್ಟ್ರೇ,” ಎಂದ ಸಿದ್ದರಾಜು, ಅಭ್ಯಾಸಬಲದಿಂದ. “ಡ್ಯೂಟಿ ಇದೆ.”

ಬೀದಿಗೆ ಬೀದಿಯೇ ಮನಸಾರೆ ನಕ್ಕಿತು.