ತುಂತುರಯ್ಯನ ಸಾವು, ಕಾಶೆವ್ವನ ಚಹಾ

ಮೌನೇಶ ಅತ್ತದ್ದು ಒಬ್ಬ ಮಾಂತ್ರಿಕನಿಗಾಗಿ. ಅದೂ ಎಂಥ ಮಾಂತ್ರಿಕ ಅಂತೀರಿ, ಒಂದು ಮಂತ್ರವನ್ನೂ ನೆಟ್ಟಗೆ ಹೇಳಲು ಬಾರದವನು! ಮಳೆ ಕರೆದರೆ ಮಜ್ಜಿಗೆ ಸುರಿಯುತ್ತಿತ್ತು. ರಾಕ್ಷಸನನ್ನು ಕಪ್ಪೆ ಮಾಡಲು ಹೋಗಿ, ಪಕ್ಕದಲ್ಲಿ ತನ್ನ ಪಾಡಿಗೆ ಕೂತಿದ್ದ ಕಪ್ಪೆಯನ್ನು ರಾಕ್ಷಸ ಮಾಡಿಬಿಡುತ್ತಿದ್ದ. ಹೆಸರು ತುಂತುರಯ್ಯ. ವಾಸ, 'ಗಾಳಿನಾವೆ' ಎಂಬ ಪುಸ್ತಕಮಾಲೆಯಲ್ಲಿ.

ಮೌನೇಶ ದಾಂಡೇಲಿಯ ಪೇಪರ್ ಮಿಲ್ಲಿನಲ್ಲಿ ಪ್ಯಾಕಿಂಗ್ ಕೆಲಸದವನು. ಹಗಲೆಲ್ಲ ಏನೂ ಬರೆಯದ ಬಿಳಿ ಕಾಗದ ಕಟ್ಟಿ ಕಟ್ಟಿ, ಮನೆಗೆ ಬಂದ ಮೇಲೆ ಏನಾದರೂ ಬರೆದಿದ್ದು ಕಂಡರೆ ಸಾಕು, ಹಸಿದವನಂತೆ ಓದುತ್ತಿದ್ದ. ಹಳಿಯಾಳದ ರದ್ದಿ ಅಂಗಡಿಯೊಂದರಲ್ಲಿ ಗಾಳಿನಾವೆಯ ಮೊದಲ ಪುಸ್ತಕ ಸಿಕ್ಕಿತ್ತು. ಅಂದಿನಿಂದ ಸಂತೆಗೆ ಹೋದಾಗಲೆಲ್ಲ ಬದನೆಕಾಯಿ ಮರೆತರೂ ರದ್ದಿ ಅಂಗಡಿ ಮರೆಯುತ್ತಿರಲಿಲ್ಲ.

ನಕ್ಷತ್ರದಿಂದ ನಕ್ಷತ್ರಕ್ಕೆ ಜನರನ್ನು ದಾಟಿಸುವ ಹಾರುವ ದೋಣಿ ಅದು. ನಡೆಸುವವಳು ಚಿಗರಿ ಎಂಬ ಗಟ್ಟಿಗಿತ್ತಿ. ದೋಣಿಗೆ ಎಣ್ಣೆ ಬೇಡ, ಇದ್ದಿಲು ಬೇಡ. ಹತ್ತಿದವರು ತಾವು ಕಂಡ ಕನಸೊಂದನ್ನು ಹೇಳಿದರೆ ಸಾಕು, ಹಾಯಿಪಟ ಉಬ್ಬಿ ದೋಣಿ ಹೊರಡುತ್ತಿತ್ತು. ಜೊತೆಗೆ ಮಳೆಗೆ ಹೆದರುವ ತಗಡಿನ ಮನುಷ್ಯ ಡಬ್ಬಣ್ಣ, ಸದಾ ಕೈಯಲ್ಲಿ ಚಹಾದ ಕಿಟ್ಲಿ ಹಿಡಿದ ನಮ್ಮ ಮುದುಕ ತುಂತುರಯ್ಯ. ದೊಡ್ಡ ದೊಡ್ಡ ಕಾದಂಬರಿ ಓದಿದರೆ ಮೌನೇಶನಿಗೆ ಊಟ ಸೇರುತ್ತಿರಲಿಲ್ಲ. ಅವುಗಳಲ್ಲಿ ಬರೀ ಸಾವು, ಬರೀ ಜಗಳ. ಗಾಳಿನಾವೆಯಲ್ಲಿ ಹೆಚ್ಚೆಂದರೆ ದಾರಿ ತಪ್ಪುತ್ತಿತ್ತು, ಅದೂ ಇನ್ನೊಂದು ಚಂದದ ಜಾಗಕ್ಕೆ. ಇಲ್ಲಿ ಯಾರೂ ಸಾಯುವುದಿಲ್ಲ ಎಂದು ಅವನು ನಂಬಿಕೊಂಡಿದ್ದ.

ಆ ಮಾಲೆಯ ಕೊನೆಯ ಪುಸ್ತಕ ಬಹಳ ಹುಡುಕಿದ ಮೇಲೆ ಮೊನ್ನೆ ಸಿಕ್ಕಿತ್ತು. ರಟ್ಟಿಲ್ಲ, ಹೊಲಿಗೆ ಬಿಟ್ಟು ಎರಡು ಭಾಗವಾಗಿತ್ತು. ಆದರೂ ಹಾಳೆಗಳೆಲ್ಲ ಇದ್ದವು. ಹೆಂಡತಿ ಜ್ಯೋತಿ ತನ್ನಜ್ಜ ಚನಬಸಪ್ಪನಿಗೆ ಜ್ವರವೆಂದು ಮುಂಡಗೋಡಿಗೆ ಹೋಗಿದ್ದಳು. ಅವತ್ತು ಅವನ ವಾರದ ರಜೆಯ ದಿನ. ಕಾಳಿ ನದಿಯ ಬೆಳಗಿನ ಮಂಜು ಕಾಲೊನಿಯ ಹಿತ್ತಿಲುಗಳವರೆಗೆ ಹಬ್ಬಿತ್ತು. ಮೌನೇಶ ಹಿತ್ತಿಲ ಕಟ್ಟೆಯ ಮೇಲೆ ಕೂತು ಓದತೊಡಗಿದ. ಮಂಜಿನೊಳಗೆ ಮಿಲ್ಲಿನ ಚಿಮಣಿ ಪಟದ ಕಂಬದಂತೆ ಕಾಣುತ್ತಿತ್ತು, ಕಟ್ಟೆ ಮೆಲ್ಲಗೆ ತೇಲುತ್ತಿತ್ತು.

ಮೊದಲ ಭಾಗ ಮುಗಿಯುವಲ್ಲಿ ಆ ಘಾತವಾಯಿತು. ದೋಣಿ ಕಪ್ಪು ಬಿರುಗಾಳಿಗೆ ಸಿಕ್ಕಿತು. ಎಲ್ಲರನ್ನೂ ಉಳಿಸಲು ತುಂತುರಯ್ಯ ಜೀವಮಾನದಲ್ಲಿ ಮೊದಲ ಸಲ ಒಂದು ಮಂತ್ರವನ್ನು ತಪ್ಪಿಲ್ಲದೆ ಹೇಳಿದ. ಬಿರುಗಾಳಿ ನಿಂತಿತು. ದೀಪ ಆರಿದಂತೆ ಮುದುಕನೂ ಇಲ್ಲವಾದ. ಕಿಟ್ಲಿಯೊಂದು ಉಳಿಯಿತು, ಇನ್ನೂ ಬಿಸಿ ಇತ್ತು.

ಮೌನೇಶನಿಗೆ ದುಃಖ ತಡೆಯಲಾಗಲಿಲ್ಲ. ಗೊಳೋ ಎಂದು ಅತ್ತ.

"ಯಾಕೋ ಮೌನೇಶಾ, ಯಾಕ ಅಳಾಕತ್ತಿ?" ಕಂಪೌಂಡಿನ ಆಚೆ ಬಟ್ಟೆ ಒಣಹಾಕುತ್ತಿದ್ದ ಕಾಶೆವ್ವ ಕತ್ತು ಚಾಚಿದಳು. ಕಾಲೊನಿಯಲ್ಲಿ ಯಾರ ಮನೆಯ ಹಾಲು ಉಕ್ಕಿದರೂ ಮೊದಲು ಗೊತ್ತಾಗುವುದು ಅವಳಿಗೆ.

ಮೀಸೆ ಬಂದ ಗಂಡಸು ಪುಸ್ತಕ ಓದಿ ಅತ್ತೆ ಎನ್ನುವುದು ಹೇಗೆ? "ಏನಿಲ್ಲ ಎವ್ವಾ, ಕಣ್ಣಾಗ ಏನೋ ಬಿತ್ತು."

"ಎರಡೂ ಕಣ್ಣಾಗ?" ಎಂದಳು ಕಾಶೆವ್ವ. ಅವಳ ತಲೆ ಓಡಿತು. ಜ್ಯೋತಿ ಮುಂಡಗೋಡಿಗೆ ಹೋಗಿದ್ದಾಳೆ, ಅಜ್ಜನಿಗೆ ಜ್ವರ, ಈ ಹುಡುಗ ಅಳುತ್ತಿದ್ದಾನೆ. ಕೈಯಲ್ಲಿದ್ದ ಸೀರೆಯನ್ನು ಅಲ್ಲೇ ಬಿಟ್ಟು ಓಡಿದಳು.

ಮೌನೇಶ ಮುಖ ತೊಳೆದುಕೊಂಡು, ಇನ್ನೇನು ಎರಡನೇ ಭಾಗ ಕೈಗೆತ್ತಿಕೊಳ್ಳಬೇಕು, ತುಂತುರಯ್ಯ ತಿರುಗಿ ಬರುತ್ತಾನೋ ಇಲ್ಲವೋ ನೋಡಬೇಕು, ಅಷ್ಟರಲ್ಲಿ ಮುಂಬಾಗಿಲಲ್ಲಿ ಸದ್ದಾಯಿತು. ಅರ್ಧ ಕಾಲೊನಿ ಚಪ್ಪಲಿ ಬಿಡುತ್ತಿತ್ತು. ಕಾಶೆವ್ವ ಬಂದವಳೇ ಅಡುಗೆಮನೆಗೆ ನುಗ್ಗಿ ಗ್ಯಾಸ್ ಬಂದ್ ಮಾಡಿದಳು.

"ಸುದ್ದಿ ಬಂದ ಮನಿಯೊಳಗ ಒಲಿ ಹೊತ್ತಸಬಾರ್ದು. ನಾವೆಲ್ಲಾ ರೊಟ್ಟಿ ಬುತ್ತಿ ತಂದೇವಿ, ನೀ ಸುಮ್ನ ಕೂಡು."

"ಯಾವ ಸುದ್ದಿ ಎವ್ವಾ?"

"ಪಾಪ, ಇನ್ನೂ ನಂಬವಲ್ಲ," ಎಂದು ಅವಳು ಮೂಗು ಒರೆಸಿಕೊಂಡಳು. "ಚನಬಸಪ್ಪಜ್ಜಾರು ಎಂಥಾ ಮನಶ್ಯಾ! ನಿನ್ನ ಲಗ್ನದಾಗ ಎಷ್ಟು ಹೋಳಿಗಿ ತಿಂದಿದ್ರು!"

ಮೌನೇಶನಿಗೆ ಈಗ ಅರ್ಥವಾಯಿತು. "ಅಯ್ಯೋ, ಅಜ್ಜಾರು ಆರಾಮ ಅದಾರ್ರೀ!"

"ಹೌದಪಾ, ಇನ್ನ ಆರಾಮನ. ಜ್ವರ ಇಲ್ಲ, ಬ್ಯಾನಿ ಇಲ್ಲ," ಎಂದಳು ಕಾಶೆವ್ವ.

ಅವನು ಇನ್ನೊಮ್ಮೆ ಬಾಯಿ ತೆರೆಯುವಷ್ಟರಲ್ಲಿ ಸುಪರ್‌ವೈಸರ್ ಬಸಲಿಂಗಯ್ಯನವರು ಒಳಗೆ ಬಂದರು. ಹೆಂಡತಿಯ ಹೆರಿಗೆಗೂ ಅರ್ಧ ದಿನದ ರಜೆ ಕೊಡುವಾಗ ಮುಖ ಕಿವಿಚುವ ಆಸಾಮಿ. ಇವತ್ತು ಹೆಗಲ ಮೇಲೆ ಕೈಯಿಟ್ಟು, "ಡ್ಯೂಟಿ ಚಿಂತಿ ಬಿಡು ತಮ್ಮಾ. ಈ ವಾರ ಎಲ್ಲಾ ನಾ ನೋಡ್ಕೋತೇನಿ. ನೀ ಮನಿಯೊಳಗ ಸಮಾಧಾನ ಮಾಡ್ಕೋ," ಎಂದರು.

ಒಂದು ವಾರ! ಮೌನೇಶನ ಬಾಯಿ ತಾನಾಗಿಯೇ ಮುಚ್ಚಿತು. ಇಲ್ಲೇ ಅವನು ಕೆಟ್ಟ. ಬಂದವರು ಸ್ವಲ್ಪ ಹೊತ್ತು ಕೂತು ಹೋಗುತ್ತಾರೆ, ಆಮೇಲೆ ನಾನು, ಮಂಜು, ಎರಡನೇ ಭಾಗ. ಕಡೇ ಹಾಳೆ ಓದಿದ ಮೇಲೆ ನಿಜ ಹೇಳಿದರಾಯಿತು. ಹೀಗೆ ಲೆಕ್ಕ ಹಾಕಿ ತಲೆ ತಗ್ಗಿಸಿ ಕೂತ.

ಬಂದವರು ಹೋಗಲಿಲ್ಲ. ಇನ್ನಷ್ಟು ಜನ ಬಂದರು. ಜೊತೆಯ ಕೆಲಸಗಾರ ಸಚಿನ ಮೊಬೈಲು ತೋರಿಸಿದ. "ಕಾಲೊನಿ ಗ್ರೂಪಿನ್ಯಾಗ ಹಾಕೇನಿ ನೋಡೋ." ಲಗ್ನದ ಫೋಟೋದಿಂದ ಕತ್ತರಿಸಿದ ಚನಬಸಪ್ಪಜ್ಜ, ಬಾಯಲ್ಲಿ ಅರ್ಧ ಹೋಳಿಗೆ, ಕೊರಳಿಗೆ ಹೂವಿನ ಹಾರದ ಚಿತ್ರ, ಎರಡೂ ಬದಿಗೆ ಉರಿಯುವ ದೀಪ. ಕೆಳಗೆ ಕೈ ಮುಗಿದ ಚಿತ್ರಗಳು ಒಂದೇ ಸಮ ಬೀಳುತ್ತಿದ್ದವು. "ಎಲ್ಲಾರೂ ಮುಂಡಗೋಡಿಗೆ, ಅಜ್ಜಾರ ಮಣ್ಣಿಗೆ ಹೋಗೂಣು. ಇದ್ದಬದ್ದ ಗಾಡಿ ಎಲ್ಲಾ ರೆಸಾರ್ಟಿನವ್ರು ಒಯ್ದಾರ. ಆದ್ರೂ ಒಂದು ಟೆಂಪೋ ಹೆಂಗರ ತರ್ತೇನಿ," ಎಂದು ಹೊರಟೇಬಿಟ್ಟ.

ಬದುಕಿರುವ ಅಜ್ಜನ ಮಣ್ಣಿಗೆ ಟೆಂಪೋ! ಮೌನೇಶ ತನ್ನ ಮೊಬೈಲು ತೆಗೆದ. ಜ್ಯೋತಿಗೆ ಫೋನು ಹಚ್ಚಿದ, ಕಾಡಿನ ಈ ಊರಲ್ಲಿ ಬೇಕಾದಾಗ ನೆಟ್‌ವರ್ಕ್ ಸಿಕ್ಕಿದ್ದುಂಟೆ? ಕೊನೆಗೆ ಗಟ್ಟಿ ಮನಸ್ಸು ಮಾಡಿ ಎದ್ದು ನಿಂತ. "ಕೇಳ್ರಿ ಎಲ್ಲಾರೂ. ಸತ್ತಾಂವ ಅಜ್ಜ ಅಲ್ಲ. ತುಂತುರಯ್ಯ."

"ಅಂವ ಯಾರಪಾ?" ಎಂದರು ಬಸಲಿಂಗಯ್ಯ.

"ಮಾಂತ್ರಿಕ್ರೀ. ಹಾರೋ ದೋಣಿಯೊಳಗ ಇರ್ತಿದ್ದ."

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಬಸಲಿಂಗಯ್ಯನವರು ಮೆಲ್ಲಗೆ ಅವನನ್ನು ಕೂಡ್ರಿಸಿದರು. "ದುಃಖ ತಲಿಗೇರೈತಿ. ಕಾಶೆವ್ವಾ, ಹುಡುಗಗ ಚಹಾ ಕುಡಸ್ರಿ ಮೊದಲ."

"ಇಷ್ಟು ಮಂದಿಗೆ ಆಗೂ ಬೋಗುಣಿ ನಮ್ಮ ಗ್ಯಾಸಿನ ಮ್ಯಾಲೆ ಕೂಡೂದಿಲ್ರೀ. ಇಲ್ಲೇ ಹಿತ್ತಲದಾಗ ಮೂರು ಕಲ್ಲು ಇಡ್ತೇನಿ, ಮನಿ ಹೊರಗಿನ ಒಲಿ ನಡೀತೈತಿ," ಎಂದು ಕಾಶೆವ್ವ ಸೆರಗು ಸಿಕ್ಕಿಸಿಕೊಂಡು ಹೋದಳು.

"ಎವ್ವಾ, ಹೊರಗ ನನ್ನ ಪುಸ್ತಕ..."

"ನೀ ಯಾವುದಕ್ಕೂ ಚಿಂತಿ ಮಾಡಬ್ಯಾಡ!" ಒಳಗಿನವರು ಅವನ ಎರಡೂ ಭುಜ ಹಿಡಿದು ಕೂಡ್ರಿಸಿದರು. ಮೇಲೇಳಲು ಹೋದಾಗಲೆಲ್ಲ ಯಾರಾದರೊಬ್ಬರು ಒತ್ತುತ್ತಿದ್ದರು. ಹಿತ್ತಿಲಿಂದ ಮೊದಲು ಬರೀ ಹೊಗೆ ಬಂತು, ಆಮೇಲೆ ಚಹಾ ಬಂತು. ಮೌನೇಶ ಕಪ್ಪನ್ನು ಮುಟ್ಟಲಿಲ್ಲ. ಅವನ ಕಣ್ಣು ಹಿತ್ತಿಲ ಬಾಗಿಲ ಮೇಲಿತ್ತು. ಉಳಿದವರು ಮಾತ್ರ ಒಂದರ ಮೇಲೊಂದು ಕುಡಿದರು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಸಚಿನನ ಟೆಂಪೋ ಬಂತು. ಹೂವಿನ ಹಾರವೊಂದನ್ನು ಕೈಗೆ ಕೊಟ್ಟು ಎಲ್ಲರೂ ಮೌನೇಶನನ್ನು ಮೇಲಕ್ಕೆ ತಳ್ಳುತ್ತಿದ್ದರು. ಆಗ ಎದುರಿಗೆ ಒಂದು ಜೀಪು ನಿಂತಿತು. ಮೊದಲು ಕೊಡೆ ಇಳಿಯಿತು, ಆಮೇಲೆ ಬಿಳಿ ರುಮಾಲು, ಆಮೇಲೆ ಇಡೀ ಚನಬಸಪ್ಪಜ್ಜ. ಹಿಂದೆ ಕೆಂಡದಂಥ ಮುಖದ ಜ್ಯೋತಿ.

"ಶಿವ ಶಿವಾ!" ಎಂದು ಕಾಶೆವ್ವ ಟೆಂಪೋದ ಚಕ್ರ ಹಿಡಿದು ಕೂತಳು.

"ನನ್ನ ಫೋಟೋಕ್ಕ ಹಾರ ಹಾಕಿದಾಂವ ಯಾರಲೇ?" ಎಂದ ಅಜ್ಜ. "ಜ್ವರಾ ಬಿಡ್ತು ಅಂತ ಟಿಬೆಟನ್ ಕಾಲೊನಿಗೆ ಗೊಂಜಾಳದ ತೆನಿ ಮಾರಾಕ ಹೋಗಿದ್ದೆ. ಅಲ್ಲಿ ಅಂಗಡಿಯಾಂವ ಯಾರೋ ಕಳಿಸಿದ ಫೋಟೋ ಮೊಬೈಲಿನ್ಯಾಗ ತೋರಿಸಿ, ಪಾಪ, ಛಲೋ ಮನಶ್ಯಾ ಇದ್ದ ಅಂತ ನನಗ ಸಮಾಧಾನ ಹೇಳಿದ! ಹೋಳಿಗಿ ನುಂಗೂತನಕರ ತಡೀಬಾರ್ದ, ಫೋಟೋ ತಗ್ಯಾಕ?"

ಎಲ್ಲರ ಕಣ್ಣೂ ಮೌನೇಶನ ಮೇಲೆ ಬಿದ್ದವು. ಅವನು ಹಾರ ಹಿಡಿದುಕೊಂಡೇ ಎಲ್ಲವನ್ನೂ ಹೇಳಿದ, ಅಳುವುದಕ್ಕೆ ಕಾರಣವಾದ ಪುಸ್ತಕ, ನಾಚಿಕೆ, ಒಂದಿಡೀ ವಾರ ರಜೆಯ ಆಸೆ. ಬಸಲಿಂಗಯ್ಯನವರ ಮುಖ ಮೊದಲಿನ ಆಕಾರಕ್ಕೆ ಬಂತು. "ನಾಳೆ ಮುಂಜಾನಿ ಪಾಳಿಗೆ ಬಾ," ಎಂದರು. ಜ್ಯೋತಿ, "ನಮ್ಮಜ್ಜಗ ಜ್ವರಾ ಬಂದ್ರ ಒಂದು ಹನಿ ಇಲ್ಲ, ಆ ರದ್ದಿ ಮುದುಕಗ ಬಿಂದಿಗಿಗಟ್ಟಲೆ ಅತ್ತೀಯೇನು?" ಎಂದಳು.

ಅಜ್ಜ ಮಾತ್ರ ಮುಂಬಾಗಿಲ ಜಗಲಿಯ ಮೇಲೆ ಕೂತು, ಕೊಡೆ ಪಕ್ಕಕ್ಕಿಟ್ಟು ಕೇಳಿದ. "ಅದಿರ್ಲಿ. ಆ ಮುದುಕ ಹೆಂಗ ಸತ್ತ?"

ಮೌನೇಶ ಹೇಳತೊಡಗಿದ. ಮೊದಲು ತಡವರಿಸಿದ, ಆಮೇಲೆ ತಾನೇ ದೋಣಿ ಹತ್ತಿದವನಂತಾದ. ಚಿಗರಿ ಬಂದಳು, ಡಬ್ಬಣ್ಣ ಬಂದ, ಮಜ್ಜಿಗೆ ಮಳೆ ಸುರಿಯಿತು. ಕಾಶೆವ್ವ ಇನ್ನೊಂದು ಬೋಗುಣಿ ಚಹಾ ಕಾಸಿ ತಂದು ಹಂಚಿ, ಅಲ್ಲೇ ಕೂತಳು. ಟೆಂಪೋದವನು ಇಂಜಿನ್ ಬಂದ್ ಮಾಡಿ ಇಳಿದು ಬಂದ. ಬೈಯಲೆಂದು ನಿಂತವರು ಒಬ್ಬೊಬ್ಬರಾಗಿ ಕೂತರು. ಸಂಜೆಯ ಮಂಜು ಮತ್ತೆ ಕಾಳಿಯಿಂದ ಮೇಲೆದ್ದು ಬಂತು. ಮಂಗಟ್ಟೆ ಹಕ್ಕಿಯೊಂದು ದೊಡ್ಡ ರೆಕ್ಕೆ ಬೀಸುತ್ತ ತಲೆ ಮೇಲೆ ಹಾದುಹೋದಾಗ ಎಲ್ಲರೂ ಕತ್ತೆತ್ತಿ ನೋಡಿದರು, ದೋಣಿಯೇ ಬಂತೇನೋ ಎಂಬಂತೆ. ತಪ್ಪಿಲ್ಲದ ಮಂತ್ರದ ಹತ್ತಿರ ಬಂದಾಗ ಸಚಿನ ಮೂಗೆಳೆದ. ಬಿಸಿ ಕಿಟ್ಲಿ ಬಂದಾಗ ಬಸಲಿಂಗಯ್ಯನವರು ಕನ್ನಡಕ ಒರೆಸಿಕೊಂಡರು.

"ಮುಂದ?" ಎಂದರು ಎಲ್ಲರೂ ಒಟ್ಟಿಗೆ.

"ನಾ ಎಲ್ಲಿ ಓದೇನ್ರೀ? ನೀವು ಬಿಟ್ರೇನು?"

"ಈಗ ಓದ, ಎಲ್ಲಾರಿಗೂ ಕೇಳೂವಂಗ!" ಎಂದಳು ಜ್ಯೋತಿಯೇ.

ಮೌನೇಶ ಹಿತ್ತಿಲಿಗೆ ಹಾರಿದ. ಮೊದಲ ಭಾಗ ಕಟ್ಟೆಯ ಮೇಲೆ ಭದ್ರವಾಗಿತ್ತು. ಗಾಳಿಗೆ ಹಾರಬಾರದೆಂದು ಅದರ ಮೇಲೆ ಯಾರೋ ಕಲ್ಲಿಟ್ಟಿದ್ದರು. ಎರಡನೇ ಭಾಗ ಕಾಣಲಿಲ್ಲ. ಮೂರು ಕಲ್ಲುಗಳ ನಡುವೆ ಬಿಳಿ ಬೂದಿ ಇತ್ತು.

ಹಿಂದೆಯೇ ಬಂದ ಕಾಶೆವ್ವ ಬಾಯಿಗೆ ಸೆರಗು ಇಟ್ಟುಕೊಂಡಳು. "ಅಯ್ಯ ನನ ಕರ್ಮವೇ! ನೀ ಓದೂ ಪುಸ್ತಕ ಇದು ಅಂತ ಕಲ್ಲಿಟ್ಟು ಕಾಯ್ದೇನಪಾ. ಬಾಜೂಕ ಬಿದ್ದದ್ದು ರದ್ದಿ ಅನ್ಕೊಂಡೆ. ಹಸಿ ಕಟ್ಟಿಗಿ, ಹತ್ತಲಾರದು. ಎರಡೂ ಸಲ ಚಹಾಕ್ಕ ಅದನ್ನ..."

"ಓದಿದ್ದನ್ನ ಕಾಯ್ದು ಇನ್ನೂ ಓದದ್ದನ್ನ ಸುಟ್ಟೆಲ್ಲ ಎವ್ವಾ!" ಮೌನೇಶ ಬೂದಿಯ ಮುಂದೆ ಕುಸಿದು ಕೂತ. ಇಡೀ ಮಾಲೆಯಲ್ಲಿ ಅವನಿಗೆ ಬೇಕಿದ್ದದ್ದು ಒಂದೇ ಸಂಗತಿ, ಅದೂ ಹೊಗೆಯಾಗಿ ಹೋಗಿತ್ತು.

ಅಜ್ಜ ಕಪ್ಪು ಹಿಡಿದುಕೊಂಡೇ ಹಿತ್ತಿಲಿಗೆ ಬಂದ. ಬೂದಿ ನೋಡಿದ, ಮೊಮ್ಮಗಳ ಗಂಡನನ್ನು ನೋಡಿದ, ಉಳಿದ ಚಹಾವನ್ನು ಸುರ್ರೆಂದು ಹೀರಿದ.

"ಅಳಬ್ಯಾಡೋ. ತುಂತುರಯ್ಯ ಸತ್ತಿಲ್ಲ. ಸರಿ ಮಂತ್ರ ಹೇಳಿ ರೂಢಿ ಇದ್ದಿಲ್ಲ ನೋಡು, ಅದಕ್ಕ ದಣದು ಕಿಟ್ಲ್ಯಾಗ ಹೋಗಿ ಮಲಗಿದ್ದ. ಚಿಗರಿ ಮುಚ್ಚಳಾ ತಗದ್ಲು. ಹಬಿ ಜೋಡಿ ಎದ್ದು ಬಂದು, ಸಕ್ರಿ ಕಡಿಮಿ ಆತು ಅಂದ."

ಕಾಲೊನಿಯೆಲ್ಲ ಹೋ ಎಂದು ಸಂತೋಷಪಟ್ಟಿತು. ಮೌನೇಶ ತಲೆಯೆತ್ತಿದ. "ಅಜ್ಜಾ, ನಿಮಗ ಹೆಂಗ ಗೊತ್ತು? ನೀವು ಓದೀರೇನು?"

"ಓದಬೇಕಂತ ಎಲ್ಲೈತಿ? ಅದ ಪುಸ್ತಕದ ಉರಿಗೆ ಕಾಸಿದ ಚಹಾ ಈಗಷ್ಟ ಎರಡು ಕಪ್ ಕುಡದೇನಿ."

ಮೌನೇಶ ಆ ಖಾಲಿ ಕಪ್ಪನ್ನು ನೋಡಿದ. ಬೆಳಿಗ್ಗೆಯಿಂದ ಅವನು ಒಂದು ಗುಟುಕೂ ಕುಡಿದಿರಲಿಲ್ಲ. ಮೆಲ್ಲಗೆ ಎದ್ದು ಕಾಶೆವ್ವನ ಕಡೆ ಕೈ ಚಾಚಿದ.

"ಎವ್ವಾ, ನನಗೂ ಒಂದೀಟು ಕೊಡು."

ಕಾಶೆವ್ವ ಬೋಗುಣಿ ಬಗ್ಗಿಸಿ ತೋರಿಸಿದಳು. "ಮುಗೀತಪಾ. ಕಡೀ ಕಪ್ಪು ಅಜ್ಜಾರಿಗೆ ಹಾಕಿದೆ."