ಕೀಪರ್‌ಗಾಗಿ ಹೂ ಕೇಳಿದ್ದು

ಆ ಭಾನುವಾರ ಬೆಳಗ್ಗೆ ರಾಜಾಮಣಿಗೆ ಕಾಫಿ ಸಿಗಲಿಲ್ಲ. ಸೋಮನೂರಿನ ಮಗ್ಗದವರ ಹಾಕಿ ತಂಡಕ್ಕೆ ಅವನೇ ಕ್ಯಾಪ್ಟನ್. ಸಂಜೆ ಕೊಯಮತ್ತೂರಿನಲ್ಲಿ ಫೈನಲ್. ಗೋಲಿನಲ್ಲಿ ಯಾರು ನಿಲ್ಲಬೇಕೆಂದು ಮಾತ್ರ ಅವನು ಇನ್ನೂ ಬಾಯಿ ಬಿಟ್ಟಿರಲಿಲ್ಲ.

ಇದ್ದದ್ದು ಇಬ್ಬರು ಕೀಪರ್‌ಗಳು. ಹೆಂಡತಿಯ ತಮ್ಮ ಗುರುಸಾಮಿ, ತಂಗಿಯ ಗಂಡ ಕೃಷ್ಣಸಾಮಿ. ಗುರುಸಾಮಿ ಚೆಂಡು ಕಂಡರೆ ಗೋಲು ಬಿಟ್ಟು ಅರ್ಧ ಮೈದಾನ ಓಡುತ್ತಾನೆ. ಕೃಷ್ಣಸಾಮಿ ಗೋಲು ಬಿಟ್ಟು ಕದಲುವುದೇ ಇಲ್ಲ. ಚೆಂಡು ಬಂದಾಗಲೂ ಕದಲುವುದಿಲ್ಲ.

"ನನ್ ತಮ್ಮನ್ ಹೆಸರು ಹೇಳಿ, ಕಾಫಿ ತರ್ತೀನಿ" ಎಂದಳು ಹೆಂಡತಿ ವಿಜಯಕುಮಾರಿ.

"ಮನೆ ಅಳಿಯ, ಮಾಪಿಳ್ಳೇನ ಹೊರಗೆ ಕೂರ್ಸಿದ್ರೆ ನನ್ ಮಗಳು ಅವ್ಳ ಅತ್ತೆ ಮುಂದೆ ಹೆಂಗಪ್ಪಾ ತಲೆ ಎತ್ತೋದು?" ಎಂದಳು ತಾಯಿ ನಾಚಿಯಮ್ಮ.

ಟೀ ಅಂಗಡಿಗೆ ಓಡಿದರೆ ಅಲ್ಲೂ ಅದೇ ಜಗಳ. ಗುರುಸಾಮಿ ಹೇಗೆ ಹಾರುತ್ತಾನೆಂದು ತೋರಿಸಲು ಅಂಗಡಿಯ ತಂಗವೇಲು ಕೈ ಬೀಸಿದ, ರಾಜಾಮಣಿಯ ಲೋಟ ನೆಲ ಕಂಡಿತು.

ಕೊನೆಗೆ ಚೌಡಮ್ಮನ ಗುಡಿಯಲ್ಲಿ ಹೂ ಕೇಳುವುದೆಂದಾಯಿತು. ಮದುವೆಗಾಗಲಿ ಹೊಸ ಮಗ್ಗಕ್ಕಾಗಲಿ ಮನಸ್ಸು ಓಲಾಡಿದರೆ ಅವರದು ಅದೇ ವಾಡಿಕೆ. ಬಿಳಿ ಹೂ ಒಂದು ಪೊಟ್ಟಣ, ಕೆಂಪು ಹೂ ಒಂದು ಪೊಟ್ಟಣ. ಪೂಜಾರಿ ಎತ್ತಿದ್ದೇ ಅಪ್ಪಣೆ. ಬಿಳಿ ಬಂದರೆ ಗುರುಸಾಮಿ, ಕೆಂಪು ಬಂದರೆ ಕೃಷ್ಣಸಾಮಿ. ಪೊಟ್ಟಣ ಕಟ್ಟಿದ್ದು ವಿಜಯಕುಮಾರಿ, ತಟ್ಟೆಯಲ್ಲಿ ಹೊತ್ತು ತಂದದ್ದು ನಾಚಿಯಮ್ಮ. ಇಬ್ಬರಿಗೂ ಸಮಪಾಲು ಎಂದು ರಾಜಾಮಣಿ ಬೀಗಿದ.

ಪೂಜಾರಿ ದೊರೈಸಾಮಿ ಒಂದನ್ನೆತ್ತಿ ಬಿಚ್ಚಿದ. ಕೆಂಪು!

"ಹೆಂಗ್ ಸಾಧ್ಯ!" ವಿಜಯಕುಮಾರಿ ಕಿರುಚಿದಳು. "ಎರಡ್ರಲ್ಲೂ ಮಲ್ಲಿಗೇನೇ ಇಟ್ಟಿದ್ದೆ!"

"ಗೊತ್ತಿತ್ತು ಕಣೇ," ಎಂದಳು ನಾಚಿಯಮ್ಮ. "ಅದುಕ್ಕೇ ದಾರೀಲಿ ಮಲ್ಲಿಗೆ ತೆಗ್ದು ಎರಡಕ್ಕೂ ಕೆಂಪು ಹಾಕ್ದೆ."

ಪೂಜಾರಿ ಕೆನ್ನೆ ಬಡಿದುಕೊಂಡ. "ಅಮ್ಮನ್ ಮುಂದೇನೇ ಮೋಸವಾ? ಇನ್ನು ಈ ಇಬ್ರಲ್ಲಿ ಯಾರು ಇಳಿದ್ರೂ ಕಾಲು ಉಳಿಯಲ್ಲ!"

ಇಬ್ಬರು ಕೀಪರ್‌ಗಳೂ ತಮ್ಮ ತಮ್ಮ ಮೊಣಕಾಲು ಮುಟ್ಟಿ ನೋಡಿಕೊಂಡರು. "ಭಾವಾ, ನೀವೇ ನಿಂತ್ಕೊಳ್ಳಿ" ಎಂದರು ಒಟ್ಟಿಗೆ.

ಸಂಜೆ ಪ್ಯಾಡ್ ಕಟ್ಟಿದ ರಾಜಾಮಣಿ ಬೆಳಗಿನಿಂದ ಕಾಫಿಯಿಲ್ಲದೆ ಗೋಲಿನಲ್ಲಿ ತೂಗಾಡುತ್ತಿದ್ದ. ಆಗಲೇ ನಾಲ್ಕು ಗೋಲು ಒಳಗೆ. ಕಾಫಿಯ ವಾಸನೆ ಬಂತು. ತಿರುಗಿ ನೋಡಿದ. ಗೋಲಿನ ಹಿಂದಿನ ಬೆಂಚಿನಲ್ಲಿ ನಾಲ್ವರೂ ಒತ್ತಾಗಿ ಕೂತಿದ್ದರು. ವಿಜಯಕುಮಾರಿ ಫ್ಲಾಸ್ಕಿನಿಂದ ಕೃಷ್ಣಸಾಮಿಗೆ ಬಗ್ಗಿಸಿಕೊಡುತ್ತಿದ್ದಳು, ನಾಚಿಯಮ್ಮ ಗುರುಸಾಮಿಯ ಕಾಫಿ ಊದಿ ಆರಿಸುತ್ತಿದ್ದಳು.

"ಆ ನಾಲ್ಕನೇದು ನೀವಾಗಿದ್ರೆ ಹಿಡೀತಿದ್ರಿ ಅಣ್ಣಾ" ಎಂದ ಗುರುಸಾಮಿ.

"ಇಲ್ಲಪ್ಪಾ, ನೀನೇ ಹಿಡೀತಿದ್ದೆ" ಎಂದ ಕೃಷ್ಣಸಾಮಿ.

ಒಂದು ಗುಟುಕಿಗಾಗಿ ರಾಜಾಮಣಿ ಕೈ ಚಾಚಿದ. ಬೆನ್ನ ಹಿಂದಿನಿಂದ ಐದನೆಯ ಗೋಲಿನ ಚೆಂಡು ಬಂದು ಬಲೆಗೆ ಬಡಿಯಿತು.

"ಕಾಫಿ ನೋಡ್ತಾ ನಿಂತ್ರೆ ಬಾಲ್ ಕಾಣುತ್ತಾ? ಕೀಪರಂತೆ ಕೀಪರ್!" ಎಂದಳು ವಿಜಯಕುಮಾರಿ.

"ಸರಿಯಾಗ್ ಹೇಳ್ದೆ ಕಣಮ್ಮಾ" ಎಂದಳು ನಾಚಿಯಮ್ಮ. ಸೊಸೆ ಮನೆಗೆ ಬಂದ ಆರು ವರ್ಷದಲ್ಲಿ ಅತ್ತೆ ಅವಳ ಮಾತನ್ನು ಒಪ್ಪಿದ್ದು ಅದೇ ಮೊದಲು.