ಎರಡು ಬಾಗಿಲ ಕಾರಿಗೆ ಅತ್ತೆಯ ಅಳತೆ

"ಇನ್ನೊಂದು ಸಲ ಆ ಡಬ್ಬಾ ವ್ಯಾನಲ್ಲಿ ಕೂತರೆ, ಇದು ಕತ್ತರಿ ಹಿಡಿದ ಕೈಯೇ ಅಲ್ಲ!"

ಅರ್ಧಿಂಚಯ್ಯನವರು ಶನಿವಾರ ಬೆಳಿಗ್ಗೆ ಅಂಗಡಿಯ ನಡುವೆ ನಿಂತು ಹೀಗೆ ಘೋಷಿಸಿದಾಗ ಕೇಳಿಸಿಕೊಳ್ಳಲು ಅಲ್ಲಿದ್ದದ್ದು ಎರಡು ಹೊಲಿಗೆ ಯಂತ್ರ, ತಲೆಯಿಲ್ಲದ ಒಂದು ಬೊಂಬೆ ಮತ್ತು ಗುಂಡಿಗಳಿಗೆ ಕಾಜಾ ಹಾಕುತ್ತಾ ಕೂತಿದ್ದ ಹೆಂಡತಿ. ಬೊಂಬೆ ಒಪ್ಪಿದ ಹಾಗೆ ಕಂಡಿತು. ಹೆಂಡತಿ ಮಾತ್ರ ದಾರ ಕಡಿದು, "ಹಾಗಾದ್ರೆ ಇಪ್ಪತ್ನಾಲ್ಕು ಕೋಟು ಸ್ಕೂಲಿಗೆ ತಲೆ ಮೇಲೆ ಹೊತ್ಕೊಂಡು ಹೋಗ್ತೀರಾ?" ಎಂದು ಕೇಳಿದರು.

ಅರ್ಧಿಂಚಯ್ಯನವರ ನಿಜವಾದ ಹೆಸರನ್ನು ಗಿರಾಕಿಗಳು ಮರೆತು ಬಹಳ ಕಾಲವಾಗಿತ್ತು. ತೋಳು ಉದ್ದವಾಯಿತು ಎಂದರೂ, ಭುಜ ಹಿಡಿಯುತ್ತೆ ಎಂದರೂ, ಗುಂಡಿ ಹಾಕಿದರೆ ಉಸಿರು ಹೋಗುತ್ತೆ ಎಂದರೂ ಅವರ ಉತ್ತರ ಒಂದೇ: "ಅರ್ಧ ಇಂಚು, ಅಷ್ಟೇ. ಒಳಗೆ ಬಟ್ಟೆ ಬಿಟ್ಟಿದೀನಿ, ಬಿಚ್ಚಿಕೊಟ್ರಾಯ್ತು." ಹೊಲಿಗೆಯ ಒಳಗೆ ಯಾವಾಗಲೂ ಎರಡು ಇಂಚು ಬಟ್ಟೆ ಮಡಚಿ ಬಿಡುವುದು ಅವರ ಕಸುಬಿನ ಹೆಮ್ಮೆ. ಮೈ ಬೆಳೆಯುತ್ತೆ, ಕೋಟು ಬೆಳೆಯಲ್ಲ, ಆದ್ದರಿಂದ ದರ್ಜಿಯಾದವನು ಮುಂದಾಲೋಚನೆ ಇಟ್ಟುಕೊಳ್ಳಬೇಕು ಎಂದು ಅವರು ಬಂದವರಿಗೆಲ್ಲ ಉಪದೇಶ ಮಾಡುತ್ತಿದ್ದರು.

ಅಂಥ ಮುಂದಾಲೋಚನೆಯ ಮನುಷ್ಯನ ತಲೆ ಕೆಡಿಸಿದ್ದು ಹಲ್ಲಿನ ಡಾಕ್ಟರ ಕಾರು. ಕೆಂಪು ಬಣ್ಣ, ಎರಡೇ ಬಾಗಿಲು, ನೆಲಕ್ಕೆ ಅಂಟಿಕೊಂಡ ಮೈ, ಕೀಲಿ ತಿರುಗಿಸಿದರೆ ಹೊಟ್ಟೆಯೊಳಗೆ ಹುಲಿ ಗುರುಗುಟ್ಟಿದಂಥ ಸದ್ದು. ಡಾಕ್ಟರಿಗೆ ಅವಳಿ ಮಕ್ಕಳು ಹುಟ್ಟಿದ್ದವು. ಇಬ್ಬರನ್ನೂ ಹಿಂದಿನ ಸೀಟಿಗೆ ತೂರಿಸಿ ತೂರಿಸಿ ಅವರ ಬೆನ್ನು ಹಿಡಿದುಕೊಂಡಿತ್ತು. "ಎರಡು ದಿನ ಓಡಿಸಿ ನೋಡಿ, ಇಷ್ಟವಾದ್ರೆ ನಿಮ್ಮದೇ" ಎಂದು ಕೀಲಿ ಕೊಟ್ಟು, ಸೊಂಟ ಹಿಡಿದುಕೊಂಡೇ ಅಂಗಡಿಯ ಮೆಟ್ಟಿಲು ಇಳಿದುಹೋಗಿದ್ದರು. ಕಣ್ಣಿದ್ದವರಿಗೆ ಆ ಸೊಂಟ ಒಂದೇ ಸಾಕಿತ್ತು. ಅರ್ಧಿಂಚಯ್ಯನವರ ಕಣ್ಣು ಕಾರಿನ ಮೇಲಿತ್ತು.

ಹೆಂಡತಿ ಸೂಜಿಯನ್ನು ಮೆತ್ತೆಗೆ ಚುಚ್ಚಿಟ್ಟು ಷರತ್ತು ಹಾಕಿದರು.

"ನೋಡಿ, ವ್ಯಾನು ಮಾಡೋ ಕೆಲಸ ಅದು ಮಾಡಿದ್ರೆ ಇಟ್ಕೊಳ್ಳಿ. ಇವತ್ತು ನಾಲ್ಕಕ್ಕೆ ಸ್ಕೂಲಲ್ಲಿ ವಾರ್ಷಿಕೋತ್ಸವ. ಬ್ಯಾಂಡಿನವರ ಕೋಟು ಅಷ್ಟರೊಳಗೆ ಅಲ್ಲಿರಬೇಕು. ಇಲ್ದಿದ್ರೆ ಮುಂದಿನ ವರ್ಷ ಅವರು ಬೇರೆ ದರ್ಜಿ ನೋಡ್ಕೋತಾರೆ. ಅಮ್ಮ ಮುಖ್ಯ ಅತಿಥಿ. ಅಮ್ಮನ್ನೂ ಅದರಲ್ಲೇ ಕರ್ಕೊಂಡು ಹೋಗಿ. ಅಮ್ಮ ಆರಾಮಾಗಿ ಕೂತು, ಆರಾಮಾಗಿ ಇಳಿದ್ರೆ ವ್ಯಾನು ಮಾರಿಬಿಡಿ. ನಾನು ತುಟಿ ಪಿಟಕ್ಕನ್ನಲ್ಲ."

"ಇಷ್ಟೇನಾ?" ಎಂದು ನಕ್ಕು ಅರ್ಧಿಂಚಯ್ಯನವರು ಕೊರಳಿನ ಟೇಪು ತೆಗೆದುಕೊಂಡು ಬೀದಿಗಿಳಿದರು. ಅಳೆದೂ ಸುರಿದೂ ಕೂರುವ ಜಾತಿಯಲ್ಲ ಅವರದು. ಅಳೆದರೆ ಮುಗಿಯಿತು. ಹೊಸ ಗಿರಾಕಿಯ ಹಾಗೆ ಕಾರಿನ ಬೆನ್ನು, ಭುಜ, ಸೊಂಟ ಎಲ್ಲ ಅಳೆದರು. ಅತ್ತೆ ಯಾವ ಕಾರಲ್ಲೂ ಹಿಂದೆಯೇ ಕೂರುವವರು, ಮುಂದೆ ಕೂರುವುದು ಅತಿಥಿಗೆ ತಕ್ಕುದಲ್ಲ ಎನ್ನುವವರು. ಹಿಂದಿನ ಸೀಟು ಎರಡು ಗುಂಡಿ ತೋಡಿದಂತಿತ್ತು. ತಿರುವಿನಲ್ಲಿ ಕೂತವರು ಜಾರಬಾರದೆಂದು ಎರಡೂ ಪಕ್ಕ ಮೆತ್ತೆ ಏರಿಸಿದ್ದರು. ಅವುಗಳ ನಡುವಿನ ಅಗಲ ಹದಿನೈದೂವರೆ ಇಂಚು.

ಒಳಗೆ ಬಂದು ಅಂಗಡಿಯ ಅಳತೆ ಪುಸ್ತಕ ತೆರೆದರು. ಅತ್ತೆ, ಸೊಂಟದ ಸುತ್ತು, ನಲವತ್ತೆರಡು. ಸುತ್ತನ್ನು ಮೂರರಿಂದ ಭಾಗಿಸಿ ಒಂದು ಕೂಡಿಸಿದರೆ ಕೂತಾಗಿನ ಅಗಲ ಸಿಗುತ್ತದೆ ಎಂಬುದು ಅವರೇ ಕಂಡುಹಿಡಿದ ಸೂತ್ರ. ಹದಿನೈದು ಬಂತು.

"ಅರ್ಧ ಇಂಚು ಉಳೀತು ಕಣೆ!"

ಹೆಂಡತಿ ಕನ್ನಡಕದ ಮೇಲಿನಿಂದ ಅವರನ್ನೂ ಪುಸ್ತಕವನ್ನೂ ಒಮ್ಮೆ ನೋಡಿ ಮತ್ತೆ ಕಾಜಾ ಹಿಡಿದರು.

ಈಗ ಆ ಪುಸ್ತಕದ ಗುಟ್ಟು ಹೇಳಲೇಬೇಕು. ಅಂಗಡಿ ತೆರೆದ ಮೊದಲ ತಿಂಗಳಲ್ಲೇ ಅರ್ಧಿಂಚಯ್ಯನವರಿಗೆ ಒಂದು ಸತ್ಯ ಹೊಳೆದಿತ್ತು. ಕೋಟು ಕೆಟ್ಟರೆ ಗಿರಾಕಿ ಮತ್ತೆ ಬರುತ್ತಾನೆ, ಜಗಳಕ್ಕಾದರೂ ಬರುತ್ತಾನೆ. ಆದರೆ ಅಳತೆ ಗಟ್ಟಿಯಾಗಿ ಕೂಗಿ ಹೊಟ್ಟೆಗೆ ಅವಮಾನ ಮಾಡಿದರೆ ಆ ಬೀದಿಗೇ ಕಾಲಿಡುವುದಿಲ್ಲ. ಅಂದಿನಿಂದ ಅವರು ಟೇಪು ಹಿಡಿದು ಕೂಗುವುದು ಒಂದು, ಕತ್ತರಿಸುವುದು ಇನ್ನೊಂದು. ಗಿರಾಕಿಗಳಿಗೆ ಎರಡು ಇಂಚು ಕಡಿಮೆ, ನೆಂಟರಿಗೆ ನಾಲ್ಕು, ಅತ್ತೆಗೆ ಆರು. ಅವರು ಕೂಗಿದ್ದನ್ನು ಹೆಂಡತಿ ಪುಸ್ತಕದಲ್ಲಿ ಬರೆಯುವುದು, ಕತ್ತರಿಸುವಾಗ ಅವರ ಕೈ ತಾನಾಗಿಯೇ ಕೂಡಿಸಿಕೊಳ್ಳುವುದು. ಹತ್ತೊಂಬತ್ತು ವರ್ಷ ಹೀಗೇ ನಡೆದು, ಸತ್ಯ ಕೈಯಲ್ಲಿ ಉಳಿದು ತಲೆಯಿಂದ ಜಾರಿಹೋಗಿತ್ತು. ಆ ಪುಸ್ತಕದಲ್ಲಿ ಅವರು ಕೂಗದ ಅಳತೆ ಒಂದೇ ಒಂದು, ಅದು ಅವರದೇ ಸೊಂಟ. ದರ್ಜಿ ತನ್ನ ಅಳತೆ ತಾನೇ ತೆಗೆದುಕೊಳ್ಳಬಾರದಲ್ಲ. ವರ್ಷಕ್ಕೊಮ್ಮೆ ಹೆಂಡತಿಯೇ ಟೇಪು ಸುತ್ತಿ "ಮೂವತ್ನಾಲ್ಕು" ಎನ್ನುವರು. ಇವರು ಕನ್ನಡಿಯ ಮುಂದೆ ಒಂದು ಸುತ್ತು ತಿರುಗುವರು.

ಎರಡೂವರೆಗೆ ಕೋಟುಗಳು ಸಿದ್ಧವಾದವು. ಕಾರಿನ ಡಿಕ್ಕಿಯಲ್ಲಿ ಇಸ್ತ್ರಿ ಕೆಡದ ಹಾಗೆ ಒಂದರ ಮೇಲೊಂದು ಮಲಗಿಸಿದರೆ ಒಂಬತ್ತಕ್ಕೆ ಮುಚ್ಚಳ ಮೇಲೆದ್ದಿತು.

"ಇನ್ನು ಹದಿನೈದು?" ಹೆಂಡತಿ ಕೇಳಿದರು.

"ಇನ್ನೊಂದು ಸಲ ಬಂದು ಒಯ್ತೀನಿ. ಆರು ಸೆಕೆಂಡಿಗೆ ನೂರು ಕಿಲೋಮೀಟರ್ ವೇಗ ಹಿಡಿಯತ್ತೆ ಇದು. ನಿನ್ನ ವ್ಯಾನು ಒಂದು ಸಲ ಹೋಗೋಷ್ಟರಲ್ಲಿ ನಾನು ಮೂರು ಸಲ ಹೋಗಿ ಬರ್ತೀನಿ."

"ಸರಿ" ಎಂದ ಹೆಂಡತಿ ಹದಿನೈದು ಕೋಟನ್ನು ವ್ಯಾನಿನ ಕೋಲಿಗೆ ನೇತುಹಾಕತೊಡಗಿದರು.

ಅತ್ತೆ ದಪ್ಪ ಉಣ್ಣೆಯ ಕೋಟು ತೊಟ್ಟು, ಭಾಷಣದ ಹಾಳೆ ಹಿಡಿದು ಬಂದರು. ಮೂವತ್ತಾರು ವರ್ಷ ಲೆಕ್ಕ ಕಲಿಸಿ, ಅದೇ ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದವರು. ಅವರಿಗೆ ಜೀವನದಲ್ಲಿ ಎರಡು ಹೆಮ್ಮೆ: ತಾವು ಕಲಿಸಿದ ಮಗ್ಗಿ ಯಾರೂ ಮರೆತಿಲ್ಲ ಎಂಬುದು ಒಂದು, ನಿವೃತ್ತಿಯ ದಿನದಿಂದ ತಮ್ಮ ಸೊಂಟ ನಲವತ್ತೆರಡರಿಂದ ಕದಲಿಲ್ಲ ಎಂಬುದು ಇನ್ನೊಂದು. ಮುಂದಿನ ಸೀಟು ಮಡಚಿ, ತಲೆ ಬಗ್ಗಿಸಿ, ಒಂದು ಕಾಲು ಇಟ್ಟು, ಇನ್ನೊಂದು ಎಳೆದುಕೊಂಡು, ಕೊನೆಗೆ ಮೈಯನ್ನು ಸೀಟಿಗೆ ಬಿಟ್ಟುಕೊಟ್ಟರು. ಮೆತ್ತೆಯಿಂದ ಪುಸ್ಸೆಂದು ಗಾಳಿ ಹೊರಟಿತು.

"ಸ್ವಲ್ಪ ಬಿಗಿ ಇದೆಯಲ್ಲ ಅಳಿಯಂದಿರೇ."

"ಅದು ಬಿಗಿಯಲ್ಲ ಅತ್ತೆ, ಹಿಡಿತ. ಇಂಥ ಕಾರಲ್ಲಿ ಹಾಗೇ."

ಕಾರು ಗುರುಗುಟ್ಟಿ ಹೊರಟು, ಬೀದಿಯ ತಿರುವಿನಲ್ಲೇ ಕಸದ ಲಾರಿಯ ಹಿಂದೆ ನಿಂತಿತು. ಲಾರಿ ಮನೆಮನೆಗೂ ನಿಲ್ಲುತ್ತಾ ಹೋಯಿತು. ಹುಲಿಯೂ ಮನೆಮನೆಗೂ ನಿಲ್ಲುತ್ತಾ ಹೋಯಿತು. ಲಾರಿ ತಪ್ಪಿಸಿಕೊಂಡರೆ ರಸ್ತೆಯುಬ್ಬುಗಳು ಶುರುವಾದವು. ಮೊದಲನೆಯದರ ಮೇಲೆ ಕಾರಿನ ಹೊಟ್ಟೆ ಕರ್ರೆಂದು ಉಜ್ಜಿದಾಗ ಅರ್ಧಿಂಚಯ್ಯನವರಿಗೆ ತಮ್ಮ ಹೊಟ್ಟೆಯನ್ನೇ ಉಜ್ಜಿದ ಹಾಗಾಯಿತು. ಉಳಿದ ಮೂರನ್ನು ಅಡ್ಡಡ್ಡವಾಗಿ, ಒಂದೊಂದೇ ಚಕ್ರ ಹತ್ತಿಸಿ ಇಳಿಸಿ ದಾಟಿದರು. ಕೈಗಾಡಿಯವನೊಬ್ಬ ಪಕ್ಕದಲ್ಲಿ ನಡೆದುಕೊಂಡು ಮುಂದೆ ಹೋದ.

"ಎಷ್ಟು ವೇಗ ಹೋಗತ್ತಂತೆ ಇದು?" ಅತ್ತೆ ಹಿಂದಿನಿಂದ ವಿಚಾರಿಸಿದರು.

"ಆರು ಸೆಕೆಂಡಿಗೆ ನೂರು, ಅತ್ತೆ."

"ಯಾವಾಗ?"

ಶಾಲೆಯ ಅಂಗಳ ಮುಟ್ಟಿದಾಗ ನಾಲ್ಕಕ್ಕೆ ಹತ್ತು ನಿಮಿಷವಿತ್ತು. ವ್ಯಾನು ಆಗಲೇ ಬಂದು ನಿಂತಿತ್ತು. ಬ್ಯಾಂಡಿನ ಹದಿನೈದು ಮಂದಿ ಕೋಟು ತೊಟ್ಟು ಸಾಲಾಗಿದ್ದರು, ಹೆಂಡತಿ ಅವರ ಕಾಲರು ಸರಿಮಾಡುತ್ತಿದ್ದರು. ಡಿಕ್ಕಿಯ ಒಂಬತ್ತೂ ಹೊರಬಂದು ಮೈಗೇರಿದವು. ಈಗಿನ ಮುಖ್ಯೋಪಾಧ್ಯಾಯರು, ಒಂದು ಕಾಲದಲ್ಲಿ ಅತ್ತೆಯ ಕೈಲಿ ಕಿವಿ ಹಿಂಡಿಸಿಕೊಂಡವರು, ಹೂಗುಚ್ಛ ಹಿಡಿದು ಕಾರಿನ ಬಳಿ ನಿಂತರು. ಅತಿಥಿಯ ಕಾಲು ನೆಲಕ್ಕೆ ತಾಗಿದ ಕ್ಷಣ ಸ್ವಾಗತ ಗೀತೆ ಎತ್ತಬೇಕೆಂದು ಬ್ಯಾಂಡ್ ಮಾಸ್ತರರಿಗೆ ಹೇಳಿಯಾಗಿತ್ತು. ಅವರು ಕೋಲೆತ್ತಿ ಬಾಗಿಲ ಬುಡದಲ್ಲೇ ಕಣ್ಣಿಟ್ಟಿದ್ದರು.

ಮುಂದಿನ ಸೀಟು ಮಡಚಿತು. ಅತ್ತೆಯ ಬಲಗಾಲು ಹೊರಬಂದು ನೆಲ ಮುಟ್ಟಿತು. ಡೋಲು, ತುತ್ತೂರಿ, ತಾಳ ಒಟ್ಟಿಗೆ ಭೋರ್ಗರೆದವು. ಕಾಲು ಒಳಗೆ ಹೋಯಿತು. ಬ್ಯಾಂಡು ನಿಂತಿತು. ಕಾಲು ಮತ್ತೆ ಬಂತು, ಬ್ಯಾಂಡು ಮತ್ತೆ ಎತ್ತಿತು. ಕಾಲು ಮತ್ತೆ ಹೋಯಿತು. ಮೂರನೆಯ ಸಲಕ್ಕೆ ತುತ್ತೂರಿಯವರೊಬ್ಬರಿಗೆ ನಗು ಬಂದು ಸ್ವರ ಅಪಸ್ವರವಾಯಿತು.

"ಮಾಸ್ತರರೇ, ನಿಲ್ಸಿ ಸ್ವಲ್ಪ" ಎಂದು ಒಳಗಿನಿಂದ ಹಳೆಯ ತರಗತಿಯ ಧ್ವನಿ ಬಂತು. ಅಂಗಳವೆಲ್ಲ ಗಪ್‌ಚಿಪ್ಪಾಯಿತು. "ಅಳಿಯಂದಿರೇ, ಈ ಸೀಟು ಎಷ್ಟು ಅಗಲ?"

"ಹದಿನೈದೂವರೆ, ಅತ್ತೆ."

"ನಾನು ಎಷ್ಟು?"

"ಹದಿನೈದು. ಪುಸ್ತಕದಲ್ಲಿರೋ ನಲವತ್ತೆರಡರ ಲೆಕ್ಕಕ್ಕೆ."

"ಹದಿನೈದೂವರೆಯಲ್ಲಿ ಹದಿನೈದು ಕಳೆದರೆ?"

"ಅರ್ಧ ಉಳಿಯತ್ತೆ."

"ಉಳಿದಿದ್ರೆ ನಾನು ಯಾಕೆ ಸಿಕ್ಕೊಂಡಿದೀನಿ? ಎರಡರಲ್ಲಿ ಒಂದು ಅಳತೆ ತಪ್ಪಿರಬೇಕು. ಯಾವುದು, ಹೇಳಿ."

ಆಗ ಅರ್ಧಿಂಚಯ್ಯನವರ ತಲೆಗೆ ಕೈಯೊಳಗಿನ ಸತ್ಯ ಥಟ್ಟನೆ ಏರಿತು. ನಲವತ್ತೆಂಟು. ಮೂರರಿಂದ ಭಾಗಿಸಿ ಒಂದು ಕೂಡಿಸಿದರೆ ಹದಿನೇಳು. ಅವರು ಬೆವರುತ್ತಾ ಸುತ್ತ ನೋಡಿದರು. ಮುಖ್ಯೋಪಾಧ್ಯಾಯರು ಇವರೇ ಹೊಲಿದ ಕೋಟಿನಲ್ಲಿ, ಕಾಗದದ ಮೇಲೆ ಮೂವತ್ತೆಂಟಿರುವ ಹೊಟ್ಟೆಯ ಮೇಲೆ ಹೂಗುಚ್ಛ ಒರಗಿಸಿ ನಿಂತಿದ್ದರು. ಅವರ ಹಿಂದೆ ಶಿಕ್ಷಕವರ್ಗ, ಪೋಷಕರು, ಅರ್ಧಕ್ಕರ್ಧ ಅವರ ಗಿರಾಕಿಗಳೇ. ಎಲ್ಲರ ಸೊಂಟವೂ ಆ ಪುಸ್ತಕದಲ್ಲಿತ್ತು. ಎಲ್ಲರ ಕಿವಿಯೂ ಇತ್ತಲೇ ಇತ್ತು. ಪುಸ್ತಕ ತಪ್ಪು ಎಂದರೆ ಅತ್ತೆಯೂ ಹೋದರು, ಅಂಗಡಿಯೂ ಹೋಯಿತು. ಕಾರು ತಪ್ಪು ಎಂದರೆ ಕಾರು ಹೋಯಿತು. ಅಡಕತ್ತರಿಯಲ್ಲಿ ಸಿಕ್ಕಿದ ಅಡಕೆಯ ಪಾಡು ಅವರದಾಯಿತು.

ಅವರು ಕಾರಿನ ಕೆಂಪು ಬೆನ್ನಿನ ಮೇಲೆ ಒಮ್ಮೆ ಕೈಯಾಡಿಸಿದರು. ಎದೆಯೊಳಗೆ ಎಲ್ಲೋ ಒಂದು ಹೊಲಿಗೆ ಬಿಟ್ಟ ಹಾಗೆ ನೋವಾಯಿತು.

"ಪುಸ್ತಕ ಸರಿಯಾಗೇ ಇದೆ ಅತ್ತೆ" ಎಂದರು ಎಲ್ಲರಿಗೂ ಕೇಳುವಂತೆ. "ಕಾರೇ ಚಿಕ್ಕದು."

ಅಂಗಳದಲ್ಲಿ ಹಲವರು ಒಟ್ಟಿಗೆ ಉಸಿರು ಬಿಟ್ಟರು. ಮುಖ್ಯೋಪಾಧ್ಯಾಯರು ಎಲ್ಲರಿಗಿಂತ ಮೊದಲು ತಲೆದೂಗಿದರು.

"ಹಾಗನ್ನಿ. ಇಂಥ ಅರೆಬರೆ ಕಾರು ನಮಗ್ಯಾಕೆ? ನಾಳೆನೇ ವಾಪಸ್ ಕೊಟ್ಟುಬಿಡಿ" ಎಂದು ಅತ್ತೆ ತೀರ್ಪು ಕೊಟ್ಟರು.

ಇಳಿಸುವ ಉಪಾಯ ಹೊಳೆದದ್ದು ಹೆಂಡತಿಗೆ. ಉಣ್ಣೆಯ ಕೋಟು ಆ ಮಖಮಲ್ಲಿನ ಮೆತ್ತೆಯನ್ನು ಕಚ್ಚಿ ಹಿಡಿದಿದೆ, ಅಷ್ಟೇ. ಕೋಟಿನ ತೋಳು ಸಲೀಸಾಗಿ ಜಾರಲಿ ಎಂದು ಒಳಗೆ ನುಣುಪಾದ ಲೈನಿಂಗ್ ಬಟ್ಟೆ ಹಾಕುವುದಿಲ್ಲವೇ? ವ್ಯಾನಿನಲ್ಲಿ ಒಂದು ಸುರುಳಿ ಇತ್ತು. ಹೆಂಡತಿ ಈ ಬದಿಯಿಂದ ಬಟ್ಟೆ ತೂರಿಸಿದರು. ಆಚೆ ಬದಿಯಿಂದ ಎಳೆದುಕೊಳ್ಳಲು ಅರ್ಧಿಂಚಯ್ಯನವರು ಡ್ರೈವರ್ ಸೀಟು ಮಡಚಿ, ಆ ಸಂದಿಯಲ್ಲಿ ತಲೆಯಿಂದ ಸೊಂಟದವರೆಗೆ ಒಳನುಗ್ಗಿದರು. ಅವರು ಅಲ್ಲಿಂದ ನೂಕಿದರು, ಹೆಂಡತಿ ಇಲ್ಲಿಂದ ಎಳೆದರು. ಅತ್ತೆ ಹೊಸ ಕೋಟಿನಿಂದ ತೋಳು ಜಾರಿದಷ್ಟು ಸಲೀಸಾಗಿ ಹೊರಬಂದು ಎರಡೂ ಕಾಲೂರಿ ನಿಂತರು. ಬ್ಯಾಂಡು ಈ ಸಲ ನಿಲ್ಲಲಿಲ್ಲ. ಇಪ್ಪತ್ನಾಲ್ಕು ಹೊಸ ಕೋಟು ಮುಂದೆ, ಅತ್ತೆ ನಡುವೆ, ಊರೆಲ್ಲ ಹಿಂದೆ, ಮೆರವಣಿಗೆ ಸಭಾಂಗಣದೊಳಗೆ ಹೋಯಿತು.

ಅಂಗಳದಲ್ಲಿ ಉಳಿದದ್ದು ಕಾರು, ಕಾರಿನಿಂದ ಹೊರಚಾಚಿದ ಒಂದು ಜೊತೆ ಕಾಲು ಮತ್ತು ಹೆಂಡತಿ.

"ಲೇ, ಇದ್ದೀಯಾ? ಸ್ವಲ್ಪ ಎಳಿ ನನ್ನ. ನಾನು ಸುಳ್ಳು ಹೇಳ್ಲಿಲ್ಲ ಕಣೆ, ಈ ಕಾರು ನಿಜಕ್ಕೂ ಚಿಕ್ಕದು."

ಹೆಂಡತಿ ಟೇಪು ತೆಗೆದು ಸಂದಿ ಅಳೆದರು. "ಹನ್ನೆರಡೂವರೆ ಇದೆ. ನಿಮ್ಮ ಮೂವತ್ನಾಲ್ಕಕ್ಕೆ ಹನ್ನೆರಡು ಚಿಲ್ಲರೆ ಸಾಕು. ಆರಾಮಾಗಿ ಹೊರಗೆ ಬರ್ಬೇಕಲ್ಲ."

"ಅದೇ ನಾನೂ ಹೇಳೋದು" ಎಂದು ಅರ್ಧಿಂಚಯ್ಯನವರು ಒಮ್ಮೆ ಜೋರಾಗಿ ಮೈ ಕೊಸರಿದರು. ಪ್ಯಾಂಟಿನ ಹಿಂಭಾಗ ಚರ್ರೆಂದಿತು. ಆದರೂ ಕಸುಬಿನ ಹೆಮ್ಮೆ ಮತ್ತೆ ತಲೆಯೆತ್ತಿತು.

"ಹೊಲಿಗೆ ಬಿಟ್ಟಿರಬೇಕು. ಹೋಗ್ಲಿ ಬಿಡು, ಒಳಗೆ ಎರಡಿಂಚು ಬಟ್ಟೆ ಬಿಟ್ಟಿದೀನಿ. ಬಿಚ್ಚಿ ಹೊಲಿದ್ರಾಯ್ತು."

ಹೆಂಡತಿ ಲೈನಿಂಗ್ ಬಟ್ಟೆಯನ್ನು ಅವರ ಸೊಂಟಕ್ಕೆ ಮರೆಯಾಗಿ ಸುತ್ತಿದರು.

"ಎಲ್ಲಿದೆ ಬಟ್ಟೆ? ಇಸ್ತ್ರಿ ಮಾಡ್ತೀನಿ ಅಂತ ತಗೊಂಡು ಹೋಗಿ ನಾನೇ ಎಲ್ಲ ಬಿಚ್ಚಿಬಿಟ್ಟಿದೀನಿ, ವರ್ಷಕ್ಕೆ ಅರ್ಧರ್ಧ ಇಂಚು. ಅಮ್ಮನಿಗೆ ನೀವು ಆರು ಕಳೆದ್ರೆ, ನಿಮಗೆ ನಾನು ಅಷ್ಟೂ ಕಳೀಬಾರದಾ? ಈಗ ಬಿಡೋಕೆ ಅರ್ಧ ಇಂಚೂ ಉಳಿದಿಲ್ಲ ರೀ. ಉಸಿರು ಎಳ್ಕೊಂಡು ಹೊರಗೆ ಬನ್ನಿ, ವ್ಯಾನಲ್ಲಿ ಬೇಕಾದಷ್ಟು ಜಾಗ ಇದೆ."